ತಂಬಿಗೆಯ ನೀರು ಎಲ್ಲಿಂದ ಬಂತು?

ಕೆ.ಎಸ್. ನರಸಿಂಹಸ್ವಾಮಿಯವರ 'ರಾಯರು ಬಂದರು ಮಾವನ ಮನೆಗೆ' ಪದ್ಯವನ್ನು ಓದದವರೂ ಕೇಳಿದ್ದಾರೆ. ಮದುವೆ ಮನೆಯ ಧ್ವನಿವರ್ಧಕದಲ್ಲಿ, ಆಕಾಶವಾಣಿಯಲ್ಲಿ, ಕಾಲೇಜಿನ ಗಾಯನ ಸ್ಪರ್ಧೆಯಲ್ಲಿ ಅದು ನಮ್ಮ ಕಿವಿಗೆ ಬಿದ್ದೇ ಬಿದ್ದಿದೆ. ರಾತ್ರಿಯ ಹೊತ್ತು ದಣಿದು ಬಂದ ಅಳಿಯ, ಒಳಗೆ ಉರಿಯುವ ದೀಪ, ಮನೆ ತುಂಬ ಮಲ್ಲಿಗೆಯ ಕಂಪು. ಬಾಗಿಲಲ್ಲೇ ಅವರ ಕಾಲಿಗೆ ಒಂದು ತಂಬಿಗೆ ಬಿಸಿನೀರು ಬರುತ್ತದೆ. ಬರುತ್ತದೆ, ಅಷ್ಟೆ. ಅದನ್ನು ಕಾಯಿಸಿದವರು ಯಾರು, ಹೊತ್ತು ತಂದವರು ಯಾರು, ಯಾವ ಬಾವಿಯಿಂದ, ಯಾವ ಕೆರೆಯಿಂದ ತಂದರು ಎಂದು ಪದ್ಯ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ. ಆ ನೀರು ಆ ಮನೆಯ ಸಂಭ್ರಮದ ಭಾಗವೇ ಆಗಿ, ತಾನಾಗಿ ಹರಿದು ಬಂದಂತೆ ಬಾಗಿಲಲ್ಲಿ ನಿಂತಿರುತ್ತದೆ.

ಈ ಲೇಖನದಲ್ಲಿ ನಾನು ಕೇಳಬೇಕೆಂದಿರುವ ಪ್ರಶ್ನೆ ಸಣ್ಣದು. ಮನೆಯ ಬಗ್ಗೆ ಬರೆದ ಯಾವುದೇ ಕನ್ನಡ ಕೃತಿಯನ್ನು ಕೈಗೆತ್ತಿಕೊಂಡು, 'ಈ ಮನೆಗೆ ನೀರು ಎಲ್ಲಿಂದ ಬಂತು?' ಎಂದು ಕೇಳಿದರೆ ಏನಾಗುತ್ತದೆ? ಕೃತಿಯ ಅರ್ಥ ಕದಲುತ್ತದೆಯೇ? ಅಥವಾ ಇದು ಸಾಹಿತ್ಯಕ್ಕೆ ಸಂಬಂಧಪಡದ, ನೀರಾವರಿ ಇಲಾಖೆಗೆ ಕೇಳಬೇಕಾದ ಪ್ರಶ್ನೆಯೇ?

ಪ್ರಶ್ನೆ ಹುಟ್ಟಿದ್ದು ಮಂಡ್ಯ ಸೀಮೆಯ ಬರಹವನ್ನು ಓದುವಾಗ. ಮಂಡ್ಯ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ಹಸಿರು: ಕಬ್ಬಿನ ಗದ್ದೆ, ಭತ್ತದ ನಾಟಿ, ಆಲೆಮನೆಯ ಹೊಗೆ, ತುಂಬಿ ಹರಿಯುವ ನಾಲೆ. ಈ ಚಿತ್ರ ಸುಳ್ಳಲ್ಲ, ಆದರೆ ಅರ್ಧ. 1911ರಲ್ಲಿ ಕೆಲಸ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಕೃಷ್ಣರಾಜಸಾಗರ ಅಣೆಕಟ್ಟು, ಅದರಿಂದ ಹೊರಟು ಹುಲಿಕೆರೆ ಸುರಂಗ ದಾಟಿ ಬರುವ, ಹಿಂದೆ ಇರ್ವಿನ್ ನಾಲೆ ಎನ್ನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆ, ಇವೆರಡೂ ಸೇರಿ ಆ ಹಸಿರನ್ನು ಬರೆದವು. 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಮಂಡ್ಯ ಜಿಲ್ಲೆಯಾದಾಗ ಅದಕ್ಕೆ ಸಿಕ್ಕ ಗುರುತೇ ನಾಲೆಯದು. ಆದರೆ ಜಿಲ್ಲೆಯ ಏಳು ತಾಲ್ಲೂಕುಗಳಿಗೂ ನೀರು ಒಂದೇ ತೂಕದಲ್ಲಿ ಸಿಗಲಿಲ್ಲ.

ಶ್ರೀರಂಗಪಟ್ಟಣದ ನೀರಿನ ಇತಿಹಾಸ ಕನ್ನಂಬಾಡಿ ಕಟ್ಟೆಗಿಂತ ಹಳೆಯದು. ಚಿಕ್ಕದೇವರಾಜ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ ಎಂಬ ಹೆಸರುಗಳನ್ನು ಅಲ್ಲಿಯ ಮಕ್ಕಳು ಮಗ್ಗಿಯ ಜೊತೆಗೇ ಕಲಿಯುತ್ತಾರೆ. ಪಾಂಡವಪುರ ಎರಡು ಬಗೆಯ ಊರು. ನಾಲೆಯ ಬಯಲೂ ಅದರದೇ, ತೊಣ್ಣೂರು ಕೆರೆಯೂ ಅದರದೇ, ಮೇಲುಕೋಟೆಯ ಬಂಡೆ ಬೆಟ್ಟವೂ ಅದರದೇ. ಕೆ.ಆರ್. ಪೇಟೆಯಲ್ಲಿ ಹೇಮಾವತಿ ಹರಿಯುತ್ತದೆ, ಆದರೆ ಹೊಳೆಯಿಂದ ನಾಲ್ಕು ಮೈಲಿ ಆಚೆ ಹೋದರೆ ನೆಲದ ಬಣ್ಣ ಬೇರೆ. ನಾಗಮಂಗಲ ರಾಗಿ, ಹುರುಳಿ, ಅವರೆ, ಎಳ್ಳು, ತೆಂಗಿನ ನಾಡು. ಅಲ್ಲಿ ಬೇಸಾಯವೆಂದರೆ ಆಕಾಶ ನೋಡುವುದು. ಹೇಮಾವತಿ ನಾಲೆ ಮುಂದೆ ಕೆಲವು ಹೋಬಳಿಗಳಿಗೆ ಬಂತು. ಬಾರದ ಊರುಗಳು ಈಗಲೂ ಕೊಳವೆಬಾವಿ ಮತ್ತು ಕಾಳಮ್ಮನ ಕೃಪೆಯಲ್ಲಿವೆ.

ಈಗ ಈ ನಾಲ್ಕು ತಾಲ್ಲೂಕುಗಳು ಕನ್ನಡಕ್ಕೆ ಕೊಟ್ಟ ಬರಹಗಾರರನ್ನು ನೆನೆಯಿರಿ. ಕಿಕ್ಕೇರಿಯ ಕೆ.ಎಸ್.ನ., ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್, ಮೇಲುಕೋಟೆಯ ಪು.ತಿ.ನ., ಬೆಳ್ಳೂರು ಮನೆತನದ ಬಿ.ಎಂ.ಶ್ರೀ., ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು. ಹೊಸಗನ್ನಡದ ಅರ್ಧ ಪಡಸಾಲೆ ಇಲ್ಲೇ ತುಂಬಿತು. ಇವರಲ್ಲಿ ಹೆಚ್ಚಿನವರ ಊರುಗಳು ಒಣನೆಲದ ಕಡೆಯವು ಅಥವಾ ಅದರ ಅಂಚಿನವು. ಆದರೂ ಈ ಸೀಮೆಯ ಸಾಹಿತ್ಯ ಎಂದು ನಾವು ಪಾಠ ಮಾಡುವಾಗ ನೆನಪಿಗೆ ಬರುವುದು ಮಲ್ಲಿಗೆ, ಹೊಳೆ, ಬೆಳದಿಂಗಳು, ಗೋಕುಲ. ಚೈತ್ರ ಬರುತ್ತದೆ, ಕೋಗಿಲೆ ಬರುತ್ತದೆ, ಮಾವು ಚಿಗುರುತ್ತದೆ. ಬಾವಿಯ ತಳದಲ್ಲಿ ಕೊಡ ಬಂಡೆಗೆ ತಾಗಿ 'ಠಣ್' ಎನ್ನುವ ಸದ್ದು ಮಾತ್ರ ಅಪರೂಪ.

ಆ ಸದ್ದನ್ನು ಕೇಳಿ ಬೆಳೆದವಳು ನಾನು. ನಮ್ಮದು ನಾಗಮಂಗಲ ತಾಲ್ಲೂಕಿನ ತೋಟದ ಮನೆ. ಊರಿನಿಂದ ಅರ್ಧ ಮೈಲಿ ದೂರ, ಮೂರೂವರೆ ಎಕರೆ ಹೊಲ, ಮೂವತ್ತು ತೆಂಗು, ಒಂದು ಕೊಟ್ಟಿಗೆ. ಅಮ್ಮ ಕೆ.ಆರ್. ಪೇಟೆ ಕಡೆಯವರು. ದೊಡ್ಡತ್ತೆಯನ್ನು ಶ್ರೀರಂಗಪಟ್ಟಣದ ನಾಲೆ ಬಯಲಿಗೆ ಕೊಟ್ಟಿದೆ, ಚಿಕ್ಕತ್ತೆಯನ್ನು ಪಾಂಡವಪುರಕ್ಕೆ. ನಮ್ಮ ಮನೆಯ ನೆಂಟಸ್ತಿಕೆಯ ನಕ್ಷೆ ಬರೆದರೆ ಅದೊಂದು ನೀರಾವರಿ ನಕ್ಷೆಯಾಗುತ್ತದೆ. ಬೇಸಿಗೆ ರಜೆಯಲ್ಲಿ ನಮ್ಮನ್ನು ದೊಡ್ಡತ್ತೆಯ ಮನೆಗೆ ಕಳಿಸುತ್ತಿದ್ದುದು ನಾಲೆಯಲ್ಲಿ ಈಜಾಡಲಿ ಎಂದಲ್ಲ, ಮನೆಯಲ್ಲಿ ನಾಲ್ಕು ಕೊಡ ನೀರು ಉಳಿಯಲಿ ಎಂದು. ಹೆಣ್ಣು ಕೊಡುವ ಮಾತು ಬಂದಾಗ ಜಾತಕಕ್ಕಿಂತ ಮೊದಲು 'ನೀರಿಗೆ ಹೆಂಗೆ ಆ ಊರಲ್ಲಿ?' ಎಂದು ಅಜ್ಜಿ ಕೇಳುತ್ತಿದ್ದಳು. 'ಮೈಸೂರು ಮಲ್ಲಿಗೆ'ಯ ಇನ್ನೊಂದು ಪದ್ಯದಲ್ಲಿ ಗಂಡ ಹೆಂಡತಿಯನ್ನು ನಿನ್ನೂರು ಚೆಂದವೋ ನನ್ನೂರು ಚೆಂದವೋ ಎಂದು ಕೇಳಿ ಕೆಣಕುತ್ತಾನಲ್ಲ, ಅದನ್ನು ಮೊದಲ ಸಲ ತರಗತಿಯಲ್ಲಿ ಓದಿದಾಗ ನನ್ನ ತಲೆಯಲ್ಲಿ ಎದ್ದದ್ದು ಅಜ್ಜಿಯ ಪ್ರಶ್ನೆ. ಅವಳ ಪ್ರಕಾರ ಊರಿನ ಚೆಂದ ಅಳೆಯುವ ಮಾಪಕ ಒಂದೇ: ಸೊಸೆ ಎಷ್ಟು ದೂರ ನಡೆಯಬೇಕು.

ಬರದ ಬೇಸಿಗೆಯಲ್ಲಿ ಒಂದು ಒಕ್ಕಲ ಮನೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹೇಳುತ್ತೇನೆ. ಇದು ಮುಂದಿನ ಓದಿಗೆ ಬೇಕು. ಅಲ್ಲಿ ಒಂದು ಕೊಡ ನೀರಿಗೆ ಒಂದು ಜನ್ಮವಲ್ಲ, ನಾಲ್ಕು. ಸೊಪ್ಪು ತೊಳೆದ ನೀರು ಮುದ್ದೆ ತಪ್ಪಲೆಯನ್ನು ನೆನೆಸುತ್ತದೆ. ತಪ್ಪಲೆ ತೊಳೆದದ್ದು ಅಕ್ಕಿ ತೊಳೆದ ನೀರಿನ ಜೊತೆ ಸೇರಿ ಕಲಗಚ್ಚಾಗಿ ಹಸುವಿಗೆ ಹೋಗುತ್ತದೆ. ಸ್ನಾನದ ನೀರು ಬಚ್ಚಲಿನಿಂದ ನೇರ ಕರಿಬೇವಿನ ಬುಡಕ್ಕೆ. ಬಟ್ಟೆ ಎರಡನೆಯ ಸಲ ಜಾಲಿಸಿದ ನೀರು ಅಂಗಳ ಸಾರಿಸುವುದಕ್ಕೆ. ಯಾವ ನೀರು ಯಾರಿಗೆ, ಯಾವ ಹೊತ್ತಿಗೆ ಎಂಬ ಲೆಕ್ಕ ಬರೆದಿಟ್ಟಿರುವುದಿಲ್ಲ. ಮನೆಯ ಹಿರಿಯ ಹೆಂಗಸಿನ ತಲೆಯಲ್ಲಿರುತ್ತದೆ. ನೆಂಟರು ಬಂದರೆ ಆ ಲೆಕ್ಕ ತಪ್ಪುತ್ತದೆ. ಹಾಗಾಗಿ ಏಪ್ರಿಲ್ ತಿಂಗಳಲ್ಲಿ ಅಳಿಯ ಬಂದರೆ ಸಂತೋಷದ ಹಿಂದೆಯೇ ಒಂದು ಎಣಿಕೆಯೂ ಶುರುವಾಗುತ್ತದೆ. ಮನೆಯೊಳಗೆ ಯಾರೂ ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಅತಿಥಿಯ ಮುಂದೆ ನೀರಿನ ಬಡತನ ತೋರಿಸುವುದು ಅನ್ನದ ಬಡತನ ತೋರಿಸುವುದಕ್ಕಿಂತ ಅವಮಾನ.

ಗಂಡಸರ ಎಣಿಕೆ ಬೇರೆ. ಅವರದು ಮಳೆ ನಕ್ಷತ್ರಗಳ ಲೆಕ್ಕ. ಯುಗಾದಿಗೆ ಹೊನ್ನಾರು ಕಟ್ಟಿ ನೆಲಕ್ಕೆ ಮೊದಲ ಗೆರೆ ಎಳೆದ ಮೇಲೆ ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಕಾಯುತ್ತಾ ಕೂರುವುದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಗೊತ್ತಿಲ್ಲದ ರೈತ ಇಲ್ಲ. ಭರಣಿ ಕೈಕೊಟ್ಟರೆ ಎಳ್ಳು ಹೋಯಿತು, ಮೇವು ಹೋಯಿತು. ಹುಲ್ಲಿನ ಮೆದೆ ಮೊಣಕಾಲು ಮಟ್ಟಕ್ಕೆ ಇಳಿದಾಗ ಯಾವ ಹಸುವನ್ನು ಮಾರುವುದು ಎಂಬ ಮಾತು ಏಳುತ್ತದೆ. ಆ ಮಾತಿನ ಸುತ್ತ ನಡೆಯುವ ಜಗಳ, ಮೌನ, ಊಟ ಬಿಡುವುದು, ಮತ್ತೆ ರಾಜಿ, ಇದೇ ಬೇಸಿಗೆಯ ಕುಟುಂಬ ಜೀವನ. 2023ರ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿದ ಮೇಲೆ ಬಂದ 2024ರ ಬೇಸಿಗೆಯಲ್ಲಿ ನಮ್ಮ ಕೊಟ್ಟಿಗೆಯಿಂದ ಎರಡು ಹಸು ಹೋದವು. ಕೊಳವೆಬಾವಿ ಹೊಗೆ ಉಗುಳಿತು. ಮನೆಯ ಮುಂದಿನ ನಲ್ಲಿಯನ್ನು ತಿರುಗಿಸಿದರೆ ಗಾಳಿಯ ಸದ್ದು. ಇದೇ ನೀರಿಗಾಗಿ ಹಿಂದಿನ ಸೆಪ್ಟೆಂಬರ್‌ನಲ್ಲಿ ಮಂಡ್ಯದ ರಸ್ತೆಗಳಲ್ಲಿ ಹೋರಾಟ ನಡೆದಿತ್ತು, ಟಿ.ವಿ.ಯ ತುಂಬ ಕಾವೇರಿ ಇತ್ತು. ನಾಲೆ ಇದ್ದವರಿಗೆ ನಾಲೆ ಬತ್ತಿದ್ದು ಸುದ್ದಿ. ನಾಲೆಯೇ ಇಲ್ಲದವರ ಮನೆಯ ಬೇಸಿಗೆಗೆ ಸುದ್ದಿಯಾಗುವ ಯೋಗವೂ ಇರಲಿಲ್ಲ.

ಒಂದು ವಿಚಾರಗೋಷ್ಠಿಯಲ್ಲಿ ನಾನು ಈ ಬಗೆಯ ಓದನ್ನು ಮುಂದಿಟ್ಟಾಗ ಹಿರಿಯರೊಬ್ಬರು, 'ಪ್ರೇಮ ಕವಿತೆಗೆ ಹೋಗಿ ನೀರಿನ ಬಿಲ್ಲು ಕೇಳುತ್ತಿದ್ದೀರಲ್ಲಮ್ಮ' ಎಂದು ನಕ್ಕರು. ಸಭೆಯೂ ನಕ್ಕಿತು. ಆ ನಗುವಿನಲ್ಲಿ ನಿಜವಾದ ಒಂದು ಆಕ್ಷೇಪವಿದೆ, ಅದಕ್ಕೆ ಉತ್ತರ ಕೊಡಲೇಬೇಕು. ಕವಿತೆ ಎಲ್ಲವನ್ನೂ ಹೇಳಬೇಕಾಗಿಲ್ಲ. 1942ರ 'ಮೈಸೂರು ಮಲ್ಲಿಗೆ' ಗಂಡ ಹೆಂಡಿರ ಒಲವನ್ನು ಕನ್ನಡ ಕಾವ್ಯದ ನಡುಮನೆಗೆ ತಂದ ಸಂಕಲನ. ಸೊಸೆಯಾಗಿ, ತಾಯಾಗಿ ಮಾತ್ರ ಕಾಣುತ್ತಿದ್ದ ಹೆಣ್ಣನ್ನು ಅದು ಗೆಳತಿಯಾಗಿ ಕಂಡಿತು. ಅದನ್ನು ಬರಗಾಲದ ವರದಿ ಅಲ್ಲ ಎಂದು ದೂರುವುದು ಮಲ್ಲಿಗೆಯ ಬಳ್ಳಿಯಲ್ಲಿ ರಾಗಿ ತೆನೆ ಹುಡುಕಿದಂತೆ.

ಆದರೆ ನನ್ನ ಪ್ರಶ್ನೆ ದೂರಲ್ಲ. ಆ ತಂಬಿಗೆಯ ನೀರಿನ ಬಗ್ಗೆ ಕೇಳಿದ ಮೇಲೆ ಪದ್ಯ ಚಿಕ್ಕದಾಗುವುದಿಲ್ಲ, ದೊಡ್ಡದಾಗುತ್ತದೆ. ಕಾಲಿಗೆ ಬಿಸಿನೀರು ಕೊಡುವುದು ಬರಿಯ ಶಿಷ್ಟಾಚಾರವಾಗಿ ಉಳಿಯುವುದಿಲ್ಲ. ಆ ಮನೆ ತನ್ನಲ್ಲಿರುವ ಅತ್ಯಂತ ಬೆಲೆಯ ವಸ್ತುವನ್ನು ಅಳಿಯನ ಪಾದದ ಮೇಲೆ ಸುರಿಯುತ್ತಿದೆ. ಒಣನೆಲದವಳಾಗಿ ಓದಿದರೆ ಆ ಕ್ಷಣ ಮಲ್ಲಿಗೆಯ ಪರಿಮಳಕ್ಕಿಂತ ಹೆಚ್ಚು ಪ್ರೀತಿಯದು. ಪದ್ಯದಲ್ಲಿ ಹೆಸರಿಲ್ಲದ ಆ ಕೈ, ನೀರು ಕಾಯಿಸಿ ತಂದಿಟ್ಟ ಕೈ, ರಾಯರ ಒಲವಿಗೆ ಅಡಿಪಾಯ ಹಾಕಿದೆ. ಅದು ಅತ್ತೆಯದೋ, ನಾದಿನಿಯದೋ, ಆಳುಮಗಳದೋ ಗೊತ್ತಿಲ್ಲ. ಪ್ರೇಮ ಕವಿತೆಯಲ್ಲಿ ಕಾಣಿಸುವ ಇಬ್ಬರ ಹಿಂದೆ ಕಾಣಿಸದ ಮೂರನೆಯವಳೊಬ್ಬಳಿದ್ದಾಳೆ. ಅವಳನ್ನು ಗಮನಿಸಿದರೆ ಪ್ರೇಮಕ್ಕೆ ಕುಂದಿಲ್ಲ.

ಈ ಮೂರನೆಯವಳು ಮುಂದೆ ಬಂದು ನಿಲ್ಲುವುದು ಶಿಷ್ಟ ಕಾವ್ಯದಲ್ಲಲ್ಲ, ಜನಪದರಲ್ಲಿ. 'ಕೆರೆಗೆ ಹಾರ' ಮಂಡ್ಯ ಸೀಮೆಯ ಕಥನಗೀತೆಯಲ್ಲ, ಉತ್ತರ ಕರ್ನಾಟಕದ್ದು. ಆದರೂ ಪಠ್ಯಪುಸ್ತಕದ ದೆಸೆಯಿಂದ ನಮಗೆಲ್ಲ ಮನೆಮಾತು. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬರುವುದಿಲ್ಲ. ಹೊತ್ತಗೆ ತೆಗೆಸಿ ಕೇಳಿದರೆ ಸೊಸೆಯನ್ನು ಹಾರ ಕೊಡಬೇಕು ಎಂಬ ಉತ್ತರ. ಹಿರಿಸೊಸೆಯನ್ನು ಕೊಟ್ಟರೆ ಹಿರಿಮಗ ಬೇರೆಯಾಗುತ್ತಾನೆ, ಆದ್ದರಿಂದ ಕಿರಿಸೊಸೆ ಭಾಗೀರತಿ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ.

ತರಗತಿಯಲ್ಲಿ ನಾವು ಇದನ್ನು ತ್ಯಾಗದ ಕತೆಯಾಗಿ ಓದುತ್ತೇವೆ, ಅಥವಾ ಪುರುಷ ಪ್ರಧಾನ ವ್ಯವಸ್ಥೆಯ ಕ್ರೌರ್ಯವಾಗಿ. ಎರಡೂ ಸರಿ. ಆದರೆ ನೀರಿನ ಪ್ರಶ್ನೆ ಹಿಡಿದು ಓದಿದಾಗ ಕಾಣುವುದು ಒಂದು ಕುಟುಂಬದ ಲೆಕ್ಕಾಚಾರ. ಒಣಗಿದ ಕೆರೆಯ ದಂಡೆಯ ಮೇಲೆ ಕೂತು ಹಿರಿಯರು ಮಾಡುವ ಎಣಿಕೆಗೂ, ಮೆದೆ ಕರಗಿದಾಗ ಯಾವ ಹಸುವನ್ನು ಮಾರುವುದು ಎಂದು ಜಗಲಿಯ ಮೇಲೆ ನಡೆಯುವ ಎಣಿಕೆಗೂ ತರ್ಕದಲ್ಲಿ ವ್ಯತ್ಯಾಸವಿಲ್ಲ. ಯಾರನ್ನು ಕಳೆದುಕೊಂಡರೆ ಮನೆ ಒಡೆಯುವುದಿಲ್ಲ? ಯಾರ ಪರವಾಗಿ ಕೇಳುವವರು ಹತ್ತಿರದಲ್ಲಿಲ್ಲ? ಬರ ಮನೆಯೊಳಗೆ ಬಂದಾಗ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ, ಕಿರಿಯವಳ ಮೇಲೆ ಬೀಳುತ್ತದೆ. ಗೀತೆ ಅದನ್ನು ಗಟ್ಟಿ ದನಿಯಲ್ಲಿ ಹೇಳದೆ, ಬರಿಯ ಲೆಕ್ಕವನ್ನು ಮುಂದಿಟ್ಟು ಸುಮ್ಮನಾಗುತ್ತದೆ. ಹೆಣ್ಣಿನ ಬಲಿಯ ಐತಿಹ್ಯ ಕನ್ನಡ ನಾಡಿನ ಅನೇಕ ಕೆರೆಗಳಿಗಿದೆ. ಸೂಳೆಕೆರೆಯ ಶಾಂತವ್ವನ ಕತೆ ಎಲ್ಲರಿಗೂ ಗೊತ್ತು. ಅವು ನಡೆದವೋ ಇಲ್ಲವೋ ಎಂಬುದು ಇತಿಹಾಸಕಾರರ ಚರ್ಚೆ. ಪ್ರತಿ ಕೆರೆಯ ನೀರಿನ ಕೆಳಗೂ ಒಬ್ಬ ಹೆಂಗಸು ಇದ್ದಾಳೆ ಎಂದು ಜನಪದರು ನಂಬಿದ್ದೇ ನನಗೆ ಮುಖ್ಯ. ತಂಬಿಗೆಯ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅವರು ಯಾವತ್ತೋ ಉತ್ತರ ಕೊಟ್ಟಿದ್ದಾರೆ.

ನವ್ಯರು ಬರವನ್ನು ಕಂಡಿದ್ದು ಬೇರೆ ಕಡೆಯಿಂದ. ಯು.ಆರ್. ಅನಂತಮೂರ್ತಿಯವರ 'ಬರ' ಕತೆ, ಅದನ್ನು ಆಧರಿಸಿ ಎಂ.ಎಸ್. ಸತ್ಯು ಮಾಡಿದ ಚಿತ್ರ, ಎರಡರ ಕೇಂದ್ರದಲ್ಲೂ ಇರುವವನು ಆದರ್ಶವಾದಿ ಜಿಲ್ಲಾಧಿಕಾರಿ ಸತೀಶ. ಬರಪೀಡಿತ ಪ್ರದೇಶ ಎಂದು ಘೋಷಿಸುವುದೇ ರಾಜಕಾರಣವಾಗುವ, ಒಳ್ಳೆಯತನವೂ ಅಧಿಕಾರದ ಆಟದಲ್ಲಿ ಸಿಕ್ಕಿಕೊಳ್ಳುವ ಪರಿಯನ್ನು ಆ ಕತೆ ತೀಕ್ಷ್ಣವಾಗಿ ಕಾಣಿಸುತ್ತದೆ. 2023ರ ಘೋಷಣೆಯ ಸುತ್ತ ನಡೆದ ಕೇಂದ್ರ, ರಾಜ್ಯಗಳ ಪರಿಹಾರದ ಜಗ್ಗಾಟವನ್ನು ಅರ್ಥ ಮಾಡಿಕೊಳ್ಳಲು ಇಂದಿಗೂ ಅದಕ್ಕಿಂತ ಒಳ್ಳೆಯ ಕತೆ ಸಿಗುವುದಿಲ್ಲ. ಆದರೆ ಅಲ್ಲಿ ಬರ ಕಾಣುವುದು ಜೀಪಿನ ಕಿಟಕಿಯಿಂದ ಮತ್ತು ಬಂಗಲೆಯ ವರಾಂಡದಿಂದ. ಹಸಿದವರು ಮುಖಗಳಾಗಿ, ಗುಂಪಾಗಿ ಕಾಣುತ್ತಾರೆ. ಅವರ ಮನೆಯೊಳಗೆ ಇಂದು ರಾತ್ರಿ ಯಾರು ಮೊದಲು ಉಣ್ಣುತ್ತಾರೆ, ಕೊನೆಯ ತಂಬಿಗೆ ಯಾರಿಗೆ ಎಂಬುದು ಕತೆಯ ಅಳವಿಗೆ ಬರುವುದಿಲ್ಲ. ಅದು ಕತೆಯ ದೋಷವಲ್ಲ, ಕತೆ ಆರಿಸಿಕೊಂಡ ಕಿಟಕಿ. ಬರವನ್ನು ನಾವು ಒಂದು 'ಸಮಸ್ಯೆ'ಯಾಗಿ ಮಾತ್ರ ಗುರುತಿಸಿ, ಒಂದು ದಿನಚರಿಯಾಗಿ ಗುರುತಿಸದೆ ಹೋದದ್ದಕ್ಕೆ ಇಂಥ ಕಿಟಕಿಗಳೇ ಹೆಚ್ಚು ಇದ್ದುದು ಒಂದು ಕಾರಣ ಎಂದು ನನ್ನ ಅನಿಸಿಕೆ.

ಮನೆಯೊಳಗಿನಿಂದ ಬರೆದರೆ ಏನಾಗುತ್ತದೆ ಎಂಬುದಕ್ಕೆ ದೇವನೂರ ಮಹಾದೇವ ಅವರ 'ಒಡಲಾಳ' ಸಾಕ್ಷಿ. ಸಾಕವ್ವನ ಗುಡಿಸಲಿನಲ್ಲಿ ಕದ್ದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಸುತ್ತ ಕೂತು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುವ ಭಾಗವನ್ನು ನೆನೆಯಿರಿ. ಅಲ್ಲಿ ಹಸಿವು ಒಂದು ವಿಷಯವಲ್ಲ. ಅದು ಮಾತು, ನಗು, ಬೈಗುಳ, ಮಕ್ಕಳ ಆಟ ಎಲ್ಲದರ ಒಳಗಿದೆ. ಕೊರತೆಯಲ್ಲಿರುವ ಮನೆಗೆ ತನ್ನದೇ ಸಂಭ್ರಮವಿರುತ್ತದೆ ಎಂಬುದನ್ನು ಹೊರಗಿನವರು ನಂಬುವುದಿಲ್ಲ, ಮಹಾದೇವ ನಂಬಿಸುತ್ತಾರೆ. ನಮ್ಮ ಮನೆಯ ಬೇಸಿಗೆಗಳಲ್ಲೂ ಅಂಗಳದಲ್ಲಿ ಮಲಗಿ ನಕ್ಷತ್ರ ನೋಡಿದ ರಾತ್ರಿಗಳಿದ್ದವು, ಹುರಿದ ಹುರುಳಿ ಕಾಳಿನ ರುಚಿಯಿತ್ತು. ಬರದ ಬಗ್ಗೆ ಬರೆಯುವವರು ಕಣ್ಣೀರನ್ನಷ್ಟೇ ಬರೆದರೆ ಅದು ಮನೆಯ ಚಿತ್ರವಾಗುವುದಿಲ್ಲ, ಅರ್ಜಿಯಾಗುತ್ತದೆ.

ಹಾಗೆಂದು ಮನೆಯ ಒಳಗೆ ಹೋದೊಡನೆ ಎಲ್ಲವೂ ಕಾಣುತ್ತದೆ ಎಂದೇನಿಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂದ 'ತಿಥಿ'ಯನ್ನೇ ನೋಡಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಎಂಬ ಹಳ್ಳಿಯಲ್ಲಿ, ನಟನೆಯ ಗಂಧವಿಲ್ಲದ ಹಳ್ಳಿಗರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ತೆಗೆದ ಚಿತ್ರ. ಈರೇಗೌಡರ ಬರವಣಿಗೆಯ ಬಲ ಅದಕ್ಕಿತ್ತು. ಸೆಂಚುರಿ ಗೌಡ ಸಾಯುತ್ತಾನೆ. ಅವನ ಮಗ ಗಡ್ಡಪ್ಪ ಬ್ರಾಂದಿ ಹಿಡಿದು ಹೊಲದ ಬದುಗಳಲ್ಲಿ ಅಲೆಯುತ್ತಾನೆ. ಮೊಮ್ಮಗ ತಮ್ಮಣ್ಣ ಐದು ಎಕರೆ ಜಮೀನು ಮಾರಲು ಬದುಕಿರುವ ಅಪ್ಪನ ಮರಣ ಪತ್ರ ಮಾಡಿಸುತ್ತಾನೆ. ಮರಿಮಗ ಅಭಿ ಕುರಿಗಾಹಿ ಹುಡುಗಿಯ ಹಿಂದೆ. ಹನ್ನೊಂದನೆಯ ದಿನದ ತಿಥಿಯೊಳಗೆ ಇಷ್ಟೂ ನಡೆಯಬೇಕು.

ಮಂಡ್ಯದ ಮಾತು ತೆರೆಯ ಮೇಲೆ ಇಷ್ಟು ಸಹಜವಾಗಿ ಅದಕ್ಕೆ ಮುಂಚೆ ಕೇಳಿರಲಿಲ್ಲ. ಹಸಿರು ಮಂಡ್ಯದ ಪೋಸ್ಟ್‌ಕಾರ್ಡನ್ನು ಈ ಚಿತ್ರ ಹರಿದು ಹಾಕಿತು: ಧೂಳಿನ ದಾರಿ, ಕುರುಚಲು, ಬಿಳಿಚಿದ ಬಿಸಿಲು. ಕುರಿಗಾಹಿ ಹುಡುಗಿಯ ಹೆಸರು ಕಾವೇರಿ ಎಂಬುದನ್ನು ಗಮನಿಸಿ. ನೆಲೆಯಿಲ್ಲದೆ ಮೇವು ನೀರು ಹುಡುಕುತ್ತಾ ಅಲೆಯುವ ಕುಟುಂಬದ ಮಗಳಿಗೆ ನದಿಯ ಹೆಸರು. ಚಿತ್ರ ಅದನ್ನು ಒತ್ತಿ ಹೇಳುವುದಿಲ್ಲ, ಹೇಳದಿದ್ದುದರಿಂದಲೇ ಅದು ಉಳಿಯುತ್ತದೆ.

ಗಡ್ಡಪ್ಪ ನಮ್ಮೆಲ್ಲರ ಮೆಚ್ಚಿನ ಪಾತ್ರವಾದ. ಆಸ್ತಿ ಬೇಡ, ಮನೆ ಬೇಡ, ನಾಳೆ ಬೇಡ ಎನ್ನುವ ಅವನಲ್ಲಿ ವಿಮರ್ಶಕರು ಅವಧೂತನನ್ನು ಕಂಡರು. ನನಗೂ ಅವನು ಇಷ್ಟ. ಆದರೆ ಅದೇ ಹಳೆಯ ಪ್ರಶ್ನೆ: ಅವನು ಅಲೆದು ಬಂದಾಗ ಕುಡಿಯುವ ನೀರು ಎಲ್ಲಿಂದ ಬಂತು? ಬೆಂಕಿಯ ಮುಂದೆ ಕೂತು ಕುರಿಗಾಹಿಗಳಿಗೆ ಅವನು ತನ್ನ ಸಂಸಾರ ಒಡೆದ ಕತೆ ಹೇಳುವಾಗ ಅವನ ವೈರಾಗ್ಯಕ್ಕೆ ಒಂದು ಬೆಲೆಯಿತ್ತು ಎಂದು ತಿಳಿಯುತ್ತದೆ, ಅದು ಚಿತ್ರದ ಅತ್ಯುತ್ತಮ ಘಳಿಗೆ. ಅವನ ಅಲೆದಾಟಕ್ಕೆ ಹೊಲದಷ್ಟೇ ಅಗತ್ಯವಾದ ಇನ್ನೊಂದು ನೆಲೆಯಿದೆ, ತಮ್ಮಣ್ಣನ ಮನೆಯ ಒಲೆ. ಅದರ ಮುಂದಿರುವ ಹೆಂಗಸು ಚಿತ್ರದಲ್ಲಿ ಹಿನ್ನೆಲೆಯಲ್ಲೇ ಉಳಿಯುತ್ತಾಳೆ. ನಾಲ್ಕು ತಲೆಮಾರಿನ ಗಂಡಸರ ಕತೆಯಲ್ಲಿ ಆ ತಲೆಮಾರುಗಳನ್ನು ಒಂದಕ್ಕೊಂದು ಹೊಲಿದವರು ಚೌಕಟ್ಟಿನ ಅಂಚಿನಲ್ಲಿ ಓಡಾಡುತ್ತಾರೆ. ಚಿತ್ರಕ್ಕೆ ಇದು ಗೊತ್ತಿದೆಯೇ? ಬಡ್ಡಿಗೆ ಹಣ ಕೊಡುವ ಕಮಲಕ್ಕನ ಗತ್ತು ನೋಡಿದರೆ ಗೊತ್ತಿದೆ ಅನ್ನಿಸುತ್ತದೆ. ಮಿಕ್ಕ ಕಡೆ, 'ರಾಯರು ಬಂದರು' ಪದ್ಯದ ಬಿಸಿನೀರಿನಂತೆಯೇ, ಊಟ ತಾನಾಗಿ ಬರುತ್ತದೆ. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಂತರದ ಎರಡು ಕೃತಿಗಳು, ಒಂದು ಹಸಿರು, ಒಂದು ಒಣ, ಈ ಒಂದು ವಿಷಯದಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು.

ಕೊನೆಯದಾಗಿ ಒಂದು ಆಚರಣೆ. ಅದನ್ನೂ ಪಠ್ಯವಾಗಿಯೇ ಓದಬೇಕೆಂದು ನನ್ನ ಆಸೆ. ಮಳೆ ಬಾರದಿದ್ದಾಗ ನಮ್ಮ ಕಡೆಯ ಹುಡುಗರು ಮಳೆರಾಯನನ್ನು ಹೊರುತ್ತಾರೆ. ಹಲಗೆಯ ಮೇಲೆ ಮಣ್ಣಿನ ಗೊಂಬೆ, ಅದನ್ನು ತಲೆಯ ಮೇಲೆ ಹೊತ್ತ ಒಬ್ಬ ಹುಡುಗ, ಹಿಂದೆ ಹಾಡುತ್ತಾ ಬರುವ ಗುಂಪು. ಮನೆಮನೆಯ ಮುಂದೆ ನಿಂತಾಗ ಮನೆಯಾಕೆ ಹೊರಗೆ ಬಂದು ಗೊಂಬೆಯ ಮೇಲೆ ಕೊಡ ನೀರು ಸುರಿಯುತ್ತಾಳೆ. ಗೊಂಬೆ ಕರಗುತ್ತದೆ, ಹುಡುಗ ತೋಯುತ್ತಾನೆ, ಅಂಗಳದ ಧೂಳು ನೆಂದು ವಾಸನೆ ಏಳುತ್ತದೆ. ಜೊತೆಗೆ ಒಂದು ಮೊರ ಕಾಳು.

ಜಾನಪದ ತರಗತಿಯಲ್ಲಿ ಇದನ್ನು ಅನುಕರಣ ಮಾಂತ್ರಿಕತೆ ಎಂದು ವಿವರಿಸುತ್ತಾರೆ: ಮಳೆಯನ್ನು ಅಣಕಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆ. ವಿವರಣೆ ಅಲ್ಲಿಗೆ ನಿಲ್ಲುತ್ತದೆ. ಆದರೆ ಆ ನೀರು? ಬಾವಿ ಬತ್ತಿದ, ಕೆರೆ ಬಿರುಕು ಬಿಟ್ಟ, ಒಂದು ಕೊಡಕ್ಕೆ ನಾಲ್ಕು ಜನ್ಮ ಇರುವ ಬೇಸಿಗೆಯಲ್ಲಿ ಒಬ್ಬ ಹೆಂಗಸು ಒಂದು ಕೊಡ ನೀರನ್ನು ಒಂದೇ ಸಲಕ್ಕೆ ಬೀದಿಗೆ ಸುರಿಯುತ್ತಾಳೆ. ಯಾರ ಕಾಲಿಗೂ ಅಲ್ಲ, ಯಾವ ಹಸುವಿಗೂ ಅಲ್ಲ. ಅವಳ ತಲೆಯಲ್ಲಿರುವ ಆ ಇಡೀ ಲೆಕ್ಕದ ಪುಸ್ತಕವನ್ನು ಅವಳೇ ಒಂದು ಗಳಿಗೆ ಮುಚ್ಚಿಡುತ್ತಾಳೆ. ಅದು ನಂಬಿಕೆಯೋ, ಹಟವೋ, ಬೇಸತ್ತ ಜೀವದ ಒಂದು ಸಣ್ಣ ದುಂದುಗಾರಿಕೆಯೋ ನನಗೆ ಹೇಳಲಾಗದು. ಮೂರೂ ಇರಬಹುದು. 'ಕೆರೆಗೆ ಹಾರ'ದಲ್ಲಿ ಮನೆತನ ನೀರಿಗಾಗಿ ಹೆಂಗಸನ್ನು ಕೊಟ್ಟಿತು. ಇಲ್ಲಿ ಹೆಂಗಸು ಮಳೆಗಾಗಿ ತಾನು ಹೊತ್ತು ತಂದ ನೀರನ್ನು ತಾನೇ ಕೊಡುತ್ತಾಳೆ. ಕೊಡುವ ಹಕ್ಕು ಅವಳ ಕೈಗೆ ಬರುವ ಒಂದೇ ಒಂದು ಬೇಸಿಗೆಯ ಸಂದರ್ಭ ಇದು.

ಈ ಬಗೆಯ ವಿವರಗಳು ನಮ್ಮಲ್ಲಿ ದಾಖಲಾಗಿಲ್ಲ ಎಂದಲ್ಲ. ಎಚ್.ಎಲ್. ನಾಗೇಗೌಡರು ನಾಗಮಂಗಲದ ಒಣನೆಲದಿಂದ ಹೋಗಿ, ಅಧಿಕಾರಿಯಾಗಿ, ಕೊನೆಗೆ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದವರು. ಬೀಸುವ ಕಲ್ಲು, ಕುಟ್ಟುವ ಒರಳು, ನೀರಿನ ಗುಡಾಣಗಳನ್ನು ಅಲ್ಲಿ ಗಾಜಿನ ಆಚೆ ನೋಡಬಹುದು. ಆದರೆ ಕಲ್ಲು ವಸ್ತುಸಂಗ್ರಹಾಲಯಕ್ಕೆ ಹೋದಾಗ ಅದರ ಜೊತೆಗಿದ್ದ ಹಾಡೂ ಹೋಯಿತು. ಹಿಟ್ಟಿನ ಗಿರಣಿ ಬಂದ ಮೇಲೆ ನಮ್ಮೂರಿನ ಹೆಂಗಸರಿಗೆ ರಟ್ಟೆನೋವು ತಪ್ಪಿತು, ಅದು ಒಳ್ಳೆಯದೇ. ನೀರು ಹೊರುವುದು ಮಾತ್ರ ತಪ್ಪಲಿಲ್ಲ. ಈಗ ಟ್ಯಾಂಕರಿನ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು, ಅಲ್ಲಿ ಹಾಡಿಲ್ಲ, ಜಗಳ ಮತ್ತು ಮಾತು. ಆ ಮಾತನ್ನು ಸಂಗ್ರಹಿಸುವವರು ಇನ್ನೂ ಬಂದಿಲ್ಲ. ರಾಗ ಇಲ್ಲದ್ದರಿಂದ ಜಾನಪದದವರು ಅದನ್ನು ಬಿಟ್ಟರು, ಅಚ್ಚಾಗಿಲ್ಲದ್ದರಿಂದ ಸಾಹಿತ್ಯದವರು ಬಿಟ್ಟರು, ಅಂಕಿಅಂಶ ಇಲ್ಲದ್ದರಿಂದ ಸಮಾಜಶಾಸ್ತ್ರದವರು ಬಿಟ್ಟರು. ನನ್ನ ಓದಿನ ವಯಸ್ಸಿನ ಗೆಳೆಯ ಗೆಳತಿಯರಿಗೆ ಸಂಶೋಧನೆಗೆ ವಿಷಯ ಸಿಗುತ್ತಿಲ್ಲ ಎಂಬ ಚಿಂತೆಯಿದ್ದರೆ, ಮೇ ತಿಂಗಳಲ್ಲಿ ನಾಗಮಂಗಲದ ಯಾವುದಾದರೂ ಬಸ್ಸು ಹತ್ತಿ ಎಂದಷ್ಟೇ ಹೇಳಬಲ್ಲೆ.

ಹಳೆಯ ಕೃತಿಗಳನ್ನು ಹೊಸ ಪ್ರಶ್ನೆಯಿಂದ ಕೆಣಕುವುದು ಅವುಗಳ ಮೇಲೆ ದಾವೆ ಹೂಡುವುದಕ್ಕಲ್ಲ. ನರಸಿಂಹಸ್ವಾಮಿಯವರ ಪದ್ಯವನ್ನು ನಾನು ಇನ್ನೂ ಪ್ರೀತಿಯಿಂದ ಹಾಡಿಕೊಳ್ಳುತ್ತೇನೆ. ಒಂದು ಮಾತ್ರ ಬದಲಾಗಿದೆ. ಬಾಗಿಲಲ್ಲಿ ತಂಬಿಗೆ ಕಂಡಾಗ ನನ್ನ ಕಣ್ಣು ರಾಯರ ಹಿಂದೆ ಒಳಮನೆಗೆ ಹೋಗುವುದಿಲ್ಲ. ತಂಬಿಗೆಯ ಜೊತೆ ಹಿತ್ತಿಲಿಗೆ, ಬಚ್ಚಲ ಒಲೆಯ ಬಳಿಗೆ, ಅಲ್ಲಿಂದ ಬಾವಿಯ ದಾರಿಗೆ ಹೋಗುತ್ತದೆ. ಒಳ್ಳೆಯ ಪದ್ಯ ಅಷ್ಟು ದೂರ ನಡೆಯಲು ಬಿಡುತ್ತದೆ.